ಸಿಆರ್‌ಪಿ 42 ಬಂದಿದೆ, ಅಪ್ಪನಿಗೆ ಜಾಸ್ತಿ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ಕಳೆದ ತಿಂಗಳು ನಮ್ಮ ಅಪ್ಪನಿಗೆ ಜ್ವರ, ಕೆಮ್ಮು ಬಂತು. ಅವರಿಗೆ 66 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಮೂಗಿನ ಸ್ವಾಬ್ ಟೆಸ್ಟಿನಲ್ಲಿ ಇನ್‌ಫ್ಲುಯೆಂಜಾ ಎ ಅಂತ ಬಂತು. ನಮ್ಮ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮನೆಯಲ್ಲೇ ನೋಡಿಕೊಳ್ಳಿ, ರಕ್ತ ಪರೀಕ್ಷೆ ಸದ್ಯಕ್ಕೆ ಬೇಡ ಎಂದರು. ನನಗೆ ಸಮಾಧಾನ ಆಗಲಿಲ್ಲ. ನಾಲ್ಕನೇ ದಿನ ಲ್ಯಾಬಿನವರನ್ನು ಮನೆಗೇ ಕರೆಸಿ ಒಂದು ಪ್ಯಾಕೇಜ್ ಮಾಡಿಸಿದೆ. ಸಿಆರ್‌ಪಿ 42, ಡಿ-ಡೈಮರ್ 610, ಫೆರಿಟಿನ್ 540, ಎಲ್‌ಡಿಎಚ್ 310, ಲಿಂಫೋಸೈಟ್ 19 ಪರ್ಸೆಂಟ್. ಐದಕ್ಕೆ ಐದೂ ಕೆಂಪಕ್ಷರ. ಆ ರಾತ್ರಿ ನಾನು ಮಲಗಲಿಲ್ಲ. ಆದರೆ ಅಪ್ಪ ವಾರದೊಳಗೆ ಎದ್ದು ಓಡಾಡಿದರು. ಹಾಗಾದರೆ ಈ ಪರೀಕ್ಷೆಗಳಿಗೆ ಅರ್ಥವೇ ಇಲ್ಲವಾ? ಕೋವಿಡ್ ಸಮಯದಲ್ಲಿ ಎಲ್ಲರಿಗೂ ಇದನ್ನೇ ಮಾಡಿಸುತ್ತಿದ್ದರಲ್ಲ?
– ದಾವಣಗೆರೆಯ ಓದುಗರು

ಉತ್ತರ: ನಾನು ಇಪ್ಪತ್ತೆರಡು ವರ್ಷಗಳಿಂದ ಲ್ಯಾಬಿನಲ್ಲಿ ಕೂತು ಇಂಥ ರಿಪೋರ್ಟುಗಳಿಗೆ ಸಹಿ ಹಾಕುತ್ತಿರುವವಳು. ಆದರೂ ನಮ್ಮಮ್ಮನ ರಿಪೋರ್ಟಿನಲ್ಲಿ ಕೆಂಪಕ್ಷರ ಕಂಡ ದಿನ ನನ್ನ ಎದೆಯೂ ಧಸಕ್ಕೆಂದಿತ್ತು. ನೀವು ನಿದ್ದೆಗೆಟ್ಟದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈ ಪರೀಕ್ಷೆಗಳಿಗೆ ಅರ್ಥ ಇದೆ, ಬೇಕಾದಷ್ಟಿದೆ. ಆದರೆ ಸಿಆರ್‌ಪಿ 42 ಎಂಬ ಅದೇ ಅಂಕಿ, ಮನೆಯಲ್ಲಿ ಗಂಜಿ ಕುಡಿದು ಟಿವಿ ನೋಡುತ್ತಿರುವವರ ಬಗ್ಗೆ ಒಂದು ಹೇಳುತ್ತದೆ, ಆಕ್ಸಿಜನ್ ಹಾಕಿಸಿಕೊಂಡು ವಾರ್ಡಿನಲ್ಲಿ ಮಲಗಿದವರ ಬಗ್ಗೆ ಇನ್ನೊಂದು ಹೇಳುತ್ತದೆ. ಎರಡನೇ ದಿನ ಒಂದು ಅರ್ಥ, ಒಂಬತ್ತನೇ ದಿನ ಬೇರೆ ಅರ್ಥ. ಯಾರ ರಕ್ತ, ಕಾಯಿಲೆಯ ಎಷ್ಟನೇ ದಿನ ತೆಗೆದದ್ದು, ಇವೆರಡು ಗೊತ್ತಿಲ್ಲದೆ ಅಂಕಿಯನ್ನು ಓದಲು ಆಗುವುದಿಲ್ಲ. ನಿಮ್ಮ ಡಾಕ್ಟರು ಬೇಡ ಎಂದದ್ದು ಉದಾಸೀನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಅವರು ನಿಮ್ಮ ತಂದೆಯವರನ್ನು ಕಣ್ಣಾರೆ ನೋಡಿದ್ದರು.

ಸಿಆರ್‌ಪಿಯಿಂದ ಶುರು ಮಾಡೋಣ. ಇದು ನಮ್ಮ ಲಿವರ್ ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ಇದೇ ಫ್ರಾನ್ಸಿಸ್ ಹತ್ತು ವರ್ಷದ ಮೇಲೆ ಇನ್‌ಫ್ಲುಯೆಂಜಾ ಬಿ ವೈರಸ್ಸನ್ನೂ ಗುರುತಿಸಿದರು. ಮೈಯಲ್ಲಿ ಎಲ್ಲಾದರೂ ಸೋಂಕೋ ಗಾಯವೋ ಆದರೆ ಅಲ್ಲಿನ ಜೀವಕೋಶಗಳು ಐಎಲ್-6 ಎಂಬ ಸಂದೇಶ ಕಳಿಸುತ್ತವೆ. ಅದು ಲಿವರಿಗೆ ಮುಟ್ಟಿದ ಕೂಡಲೇ ಸಿಆರ್‌ಪಿ ತಯಾರಿಕೆ ಶುರು. ಆರೆಂಟು ಗಂಟೆಯಲ್ಲಿ ರಕ್ತದಲ್ಲಿ ಏರತೊಡಗುತ್ತದೆ, ಒಂದೂವರೆ ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಒಳಗಿನ ಗಲಾಟೆ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಅಂದರೆ ನಾಲ್ಕನೇ ದಿನದ 42 ಹೇಳುವುದು ಇಷ್ಟೇ: ನಿನ್ನೆ ಮೊನ್ನೆ ನಿಮ್ಮ ಅಪ್ಪನ ಮೈ ಫ್ಲೂ ವೈರಸ್ ಜೊತೆ ಜೋರಾಗಿ ಹೋರಾಡಿದೆ. ಅದು ನಿಮಗೆ ಮೊದಲೇ ಗೊತ್ತಿತ್ತು, ಜ್ವರ ಇತ್ತಲ್ಲ. ಫ್ಲೂನಲ್ಲಿ ಜ್ವರದ ದಿನಗಳಲ್ಲಿ ಸಿಆರ್‌ಪಿ ಇಷ್ಟು ಏರುವುದು ಮಾಮೂಲಿ. ಹಾಗೆಯೇ ಕಾಲಿನ ಹುಣ್ಣು, ಕೀಲುವಾತ, ಹಲ್ಲಿನ ಕೀವು, ಯಾವುದರಿಂದಲಾದರೂ ಏರಬಹುದು. ಬೊಜ್ಜು ಇರುವವರಲ್ಲಿ, ಸಿಗರೇಟ್ ಸೇದುವವರಲ್ಲಿ ಕಾಯಿಲೆ ಇಲ್ಲದಾಗಲೂ ಸ್ವಲ್ಪ ಜಾಸ್ತಿ ಇರುತ್ತದೆ.

ಡಿ-ಡೈಮರ್ 610 ನೋಡಿ ನೀವು ಹೆಚ್ಚು ಹೆದರಿರಬೇಕು. ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕರಗುವಾಗ ಬೀಳುವ ಚೂರು ಇದು. ರಿಪೋರ್ಟಿನಲ್ಲಿ 500ರ ಮೇಲೆ ಹೋದದ್ದೆಲ್ಲ ಕೆಂಪು. ಆದರೆ ವಯಸ್ಸಾದಂತೆ ಇದು ತಾನಾಗಿ ಏರುತ್ತದೆ. ಶ್ವಾಸಕೋಶದಲ್ಲಿ ಹೆಪ್ಪು ಇದೆಯಾ ಎಂದು ಅನುಮಾನ ಬಂದಾಗ ಡಾಕ್ಟರುಗಳು 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಗೆರೆ ಎಳೆಯುತ್ತಾರೆ. ನಿಮ್ಮ ತಂದೆಯವರಿಗೆ ಆ ಲೆಕ್ಕದಲ್ಲಿ ಗೆರೆ 660. ಅವರು ಅದರ ಒಳಗೇ ಇದ್ದರು! ಲ್ಯಾಬಿನ ಸಾಫ್ಟ್‌ವೇರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಅದು 25ರ ಹುಡುಗನಿಗೂ 66ರ ಅಪ್ಪನಿಗೂ ಒಂದೇ ಕೆಂಪು ಹಚ್ಚುತ್ತದೆ. ಇನ್ನೊಂದು ತೊಡಕೂ ಇದೆ. ಡಿ-ಡೈಮರನ್ನು ಎಫ್‌ಇಯು, ಡಿಡಿಯು ಎಂಬ ಎರಡು ಅಳತೆಗಳಲ್ಲಿ ಬರೆಯುತ್ತಾರೆ. ಮೊದಲನೆಯದರ ಅಂಕಿ ಎರಡನೆಯದರ ಸುಮಾರು ಎರಡರಷ್ಟು. 500, 660 ಎಂದು ನಾನು ಹೇಳಿದ್ದು ಎಫ್‌ಇಯು ಲೆಕ್ಕ. ರಿಪೋರ್ಟಿನ ಸಣ್ಣ ಅಕ್ಷರದಲ್ಲಿ ಯಾವುದಿದೆ ಎಂದು ಒಮ್ಮೆ ನೋಡಿ.

ಎಲ್‌ಡಿಎಚ್ ಎಂದರೆ ಜೀವಕೋಶಗಳ ಒಳಗಿರುವ ಒಂದು ಕಿಣ್ವ, ಕೋಶ ಒಡೆದರೆ ರಕ್ತಕ್ಕೆ ಬೀಳುತ್ತದೆ. ಅದರ ಬಗ್ಗೆ ಹೇಳಬೇಕಾದರೆ ನನ್ನ ಟೇಬಲ್ಲಿನ ಒಂದು ದೃಶ್ಯ ಹೇಳುತ್ತೇನೆ. ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆದರೆ ಕೆಳಗೆ ಕೆಂಪು ಕಣಗಳು ಕೂತಿರುತ್ತವೆ, ಮೇಲೆ ತೆಳು ಹಳದಿ ಸೆರಮ್. ಒಳ್ಳೆಯ ಸ್ಯಾಂಪಲ್ಲು ಅಕ್ಕಿ ತೊಳೆದ ಎರಡನೇ ನೀರಿಗೆ ಚಿಟಿಕೆ ಅರಿಶಿನ ಹಾಕಿದ ಹಾಗೆ ಕಾಣುತ್ತದೆ. ಕೆಲವು ದಿನ ಅದು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಸೂಜಿ ಸಣ್ಣದಾಗಿತ್ತು, ರಕ್ತ ಜೋರಾಗಿ ಎಳೆದರು, ಇಲ್ಲವೇ ಬಿಸಿಲಲ್ಲಿ ಬೈಕಿನ ಡಬ್ಬದಲ್ಲಿ ಎರಡು ಗಂಟೆ ಕುಲುಕಿಕೊಂಡು ಬಂತು. ಕೆಂಪು ಕಣಗಳು ಒಡೆದಿವೆ. ಆ ಕಣಗಳ ಹೊಟ್ಟೆಯಲ್ಲಿ ತುಂಬಾ ಎಲ್‌ಡಿಎಚ್ ಇರುತ್ತದೆ. ಹಾಗಾಗಿ ರೋಗಿಯ ಶ್ವಾಸಕೋಶಕ್ಕೆ ಏನೂ ಆಗದಿದ್ದರೂ ಅಂಕಿ ಏರಿಬಿಡುತ್ತದೆ. ಮನೆಗೆ ಬಂದು ತೆಗೆದುಕೊಂಡು ಹೋದ ಸ್ಯಾಂಪಲ್ಲಿನಲ್ಲಿ 310 ಬಂದಿದ್ದರೆ, ಸೆರಮ್ಮಿನ ಬಣ್ಣ ಹೇಗಿತ್ತು ಎಂದು ನಾನು ಮೊದಲು ಕೇಳುತ್ತೇನೆ.

ಲಿಂಫೋಸೈಟ್ ಎಂದರೆ ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆ. 19 ಪರ್ಸೆಂಟ್ ಎನ್ನುವುದು ಅವುಗಳ ಪಾಲು ಮಾತ್ರ. ಒಟ್ಟು ಬಿಳಿ ಕಣ ಎಷ್ಟು ಎಂದು ಗೊತ್ತಾದರೆ ನಿಜವಾದ ಸಂಖ್ಯೆ ಸಿಗುತ್ತದೆ. ಫ್ಲೂನ ಮೊದಲ ದಿನಗಳಲ್ಲಿ ಅದು ಸ್ವಲ್ಪ ಇಳಿಯುವುದು ಸಾಮಾನ್ಯ, ಆಮೇಲೆ ಮೇಲೆ ಬರುತ್ತದೆ. ಫೆರಿಟಿನ್ ಎಂದರೆ ಮೈಯಲ್ಲಿ ಕಬ್ಬಿಣಾಂಶ ಕೂಡಿಡುವ ಪ್ರೋಟೀನು; ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಅದರಲ್ಲಿ ನಿಮಗೊಂದು ಕೆಲಸ ಇದೆ.

ಹಾಗಾದರೆ ಕೋವಿಡ್ ಸಮಯದಲ್ಲಿ ಎಲ್ಲರೂ ಇದರ ಹಿಂದೆ ಯಾಕೆ ಬಿದ್ದರು? ಒಳ್ಳೆಯ ಪ್ರಶ್ನೆ.

2020ರ ಮಾರ್ಚಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವುಹಾನಿನ ಎರಡು ಆಸ್ಪತ್ರೆಗಳ 191 ರೋಗಿಗಳ ಲೆಕ್ಕ ಬಂತು. ದಾಖಲಾದ ದಿನವೇ ಡಿ-ಡೈಮರ್ 1000 ನ್ಯಾನೋಗ್ರಾಂ ದಾಟಿದವರಲ್ಲಿ ಸಾವಿನ ಸಂಭವ ತುಂಬಾ ಹೆಚ್ಚಿತ್ತು. ಲಿಂಫೋಸೈಟ್ ಕಡಿಮೆ, ಎಲ್‌ಡಿಎಚ್, ಫೆರಿಟಿನ್, ಐಎಲ್-6 ಜಾಸ್ತಿ, ಇವೂ ತೀರಿಕೊಂಡವರಲ್ಲೇ ಎದ್ದು ಕಂಡವು. ಅದು ನಿಜವಾದ, ಬೆಲೆಬಾಳುವ ಮಾಹಿತಿ. ಜಗತ್ತಿನ ಡಾಕ್ಟರುಗಳೆಲ್ಲ ಕತ್ತಲಲ್ಲಿ ತಡಕಾಡುತ್ತಿದ್ದ ದಿನಗಳವು. ಆದರೆ ಆ 191 ಜನರಲ್ಲಿ 54 ಜನ ತೀರಿಕೊಂಡಿದ್ದರು ಎಂಬುದನ್ನು ಮರೆಯಬೇಡಿ. ಕಾಲುಭಾಗಕ್ಕಿಂತ ಜಾಸ್ತಿ. ಅವರೆಲ್ಲ ಆಸ್ಪತ್ರೆ ಸೇರುವಷ್ಟು ಕಾಯಿಲೆ ಬಿದ್ದವರು. ಅಲ್ಲಿ ಎಳೆದ ಗೆರೆಯನ್ನು ನಾವು ಎತ್ತಿಕೊಂಡು ಬಂದು ಮನೆಯಲ್ಲಿ ಕಷಾಯ ಕುಡಿಯುತ್ತಿದ್ದವರ ಮೇಲೆ ಇಟ್ಟೆವು. ತಪ್ಪಾದದ್ದು ಇಲ್ಲಿ.

ಇದನ್ನು ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು, ದಯವಿಟ್ಟು ಪೆನ್ನು ಹಿಡಿದು ಜೊತೆಗೆ ಮಾಡಿ. ಒಂದು ರಕ್ತ ಪರೀಕ್ಷೆ ಇದೆ ಅಂದುಕೊಳ್ಳಿ. ಮುಂದೆ ಜಾಸ್ತಿಯಾಗುವ ಹತ್ತು ಜನರಲ್ಲಿ ಎಂಟು ಜನರನ್ನು ಅದು ಹಿಡಿಯುತ್ತದೆ. ಏನೂ ಆಗದ ಹತ್ತು ಜನರಲ್ಲಿ ಇಬ್ಬರಿಗೆ ಸುಮ್ಮನೆ ಗಂಟೆ ಬಾರಿಸುತ್ತದೆ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಪರೀಕ್ಷೆ ಸಿಗುವುದೇ ಕಷ್ಟ, ಇರಲಿ.

ಮನೆಯಲ್ಲಿ ಜ್ವರದಿಂದ ಮಲಗಿರುವ 1000 ಜನಕ್ಕೆ ಮಾಡೋಣ. ಅವರಲ್ಲಿ 20 ಜನಕ್ಕೆ ಜಾಸ್ತಿಯಾಗುತ್ತದೆ ಎಂದಿಟ್ಟುಕೊಳ್ಳಿ. ಪರೀಕ್ಷೆ 16 ಜನರನ್ನು ಹಿಡಿಯಿತು. ಉಳಿದ 980ರಲ್ಲಿ 196 ಜನರಿಗೂ ಕೆಂಪಕ್ಷರ ಬಂತು. ಒಟ್ಟು 212 ಮನೆಗಳಲ್ಲಿ ನಿಮ್ಮ ಹಾಗೆ ಯಾರೋ ಒಬ್ಬರು ನಿದ್ದೆಗೆಟ್ಟರು. ನಿಜಕ್ಕೂ ಜಾಸ್ತಿಯಾದದ್ದು 13 ಮನೆಗೆ ಒಂದರಂತೆ ಮಾತ್ರ.

ಈಗ ಅದೇ ಪರೀಕ್ಷೆಯನ್ನು ಆಸ್ಪತ್ರೆಗೆ ದಾಖಲಾದ 1000 ಜನಕ್ಕೆ ಮಾಡೋಣ. ಇಲ್ಲಿ 300 ಜನಕ್ಕೆ ಜಾಸ್ತಿಯಾಗುತ್ತದೆ ಅನ್ನೋಣ. ಹಿಡಿದದ್ದು 240, ಸುಳ್ಳು ಗಂಟೆ 140. ಕೆಂಪಕ್ಷರ ಬಂದ ಮೂವರಲ್ಲಿ ಹತ್ತಿರ ಹತ್ತಿರ ಇಬ್ಬರಿಗೆ ಅದು ನಿಜವಾಯಿತು. ಮೆಷಿನ್ ಅದೇ, ಅಂಕಿ ಅದೇ. ಮನೆಯಲ್ಲಿ 13ಕ್ಕೆ ಒಂದು, ವಾರ್ಡಿನಲ್ಲಿ ಮೂರಕ್ಕೆ ಎರಡು. ನಿಮ್ಮ ಡಾಕ್ಟರು ಇದನ್ನು ಬಾಯಿಬಿಟ್ಟು ಹೇಳದಿರಬಹುದು, ಆದರೆ ಅವರ ತಲೆಯಲ್ಲಿ ಓಡಿದ್ದು ಇದೇ ಲೆಕ್ಕ.

ಸುಳ್ಳು ಗಂಟೆ ಬಾರಿಸಿದರೆ ಏನು ಮಹಾ, ಒಂದು ರಾತ್ರಿಯ ನಿದ್ದೆ ತಾನೇ ಎನ್ನಬಹುದು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, 2021ರ ಏಪ್ರಿಲ್, ಮೇ ತಿಂಗಳನ್ನು ನೋಡುವ ತನಕ. ಸಿಆರ್‌ಪಿ ಏರಿದೆ ಎಂಬ ಒಂದೇ ಕಾರಣಕ್ಕೆ, ಆಕ್ಸಿಜನ್ 97 ಇದ್ದವರು ಮೂರನೇ ನಾಲ್ಕನೇ ದಿನದಿಂದಲೇ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರು. ವಾಟ್ಸಾಪಿನಲ್ಲಿ ಬಂದ ಚೀಟಿ ನೋಡಿ ಮೆಡಿಕಲ್ ಸ್ಟೋರಿನಿಂದ ತಂದವರೂ ಇದ್ದರು. ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನಿನಲ್ಲೇ ಸ್ಪಷ್ಟವಾಗಿ ಹೇಳಿತ್ತು: ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು, ಆಕ್ಸಿಜನ್ ಪಡೆಯುತ್ತಿದ್ದವರ ಸಾವನ್ನು ಐದರಲ್ಲಿ ಒಂದು ಪಾಲು ಕಡಿಮೆ ಮಾಡಿತು. ಆಕ್ಸಿಜನ್ ಬೇಕಿಲ್ಲದವರಿಗೆ ಏನೂ ಉಪಯೋಗ ಆಗಲಿಲ್ಲ. ಕೆಡುಕಾಗುವ ಸಾಧ್ಯತೆಯೇ ಕಂಡಿತು. 2021ರ ಮೇ ಮೊದಲ ವಾರದಲ್ಲಿ ಆಗಿನ ಏಮ್ಸ್ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ, ಸೌಮ್ಯ ಲಕ್ಷಣ ಇರುವವರು ಸಿಟಿ ಸ್ಕ್ಯಾನ್, ರಕ್ತದ ಬಯೋಮಾರ್ಕರ್ ಎಂದು ಓಡಬೇಡಿ, ಅದು ಅನಗತ್ಯ ಚಿಕಿತ್ಸೆಗೆ ದಾರಿಯಾಗುತ್ತದೆ ಎಂದು ಬಹಿರಂಗವಾಗಿ ಎಚ್ಚರಿಸಿದರು. ಅಷ್ಟರಲ್ಲಿ ಬ್ಲ್ಯಾಕ್ ಫಂಗಸ್ ಶುರುವಾಗಿತ್ತು. ಶುಗರ್ ಇದ್ದು, ಅದರ ಮೇಲೆ ಸ್ಟೀರಾಯ್ಡ್ ಬಿದ್ದವರೇ ಅದಕ್ಕೆ ಹೆಚ್ಚು ಸಿಕ್ಕಿದರು. ನಿಮ್ಮ ತಂದೆಯವರಿಗೂ ಶುಗರ್ ಇದೆ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಫ್ಲೂ ರೋಗಿಗೆ ಬೇರೆ ಕಾರಣ ಇಲ್ಲದೆ ಸ್ಟೀರಾಯ್ಡ್ ಕೊಡಬಾರದು ಎಂದೇ ತಜ್ಞರ ಮಾರ್ಗಸೂಚಿಗಳಲ್ಲಿದೆ.

ಸ್ಟೀರಾಯ್ಡಿನ ಇನ್ನೊಂದು ಮೋಸ ಏನೆಂದರೆ, ಅದು ಸಿಆರ್‌ಪಿಯನ್ನು ಇಳಿಸಿಬಿಡುತ್ತದೆ. ರಿಪೋರ್ಟು ಚೆನ್ನಾಗಿ ಕಾಣುತ್ತದೆ, ಮನೆಯವರು ಸಮಾಧಾನಪಡುತ್ತಾರೆ. ಒಳಗಿನ ಕಾಯಿಲೆ ಇಳಿದಿರಲೇಬೇಕು ಎಂದೇನಿಲ್ಲ.

ಅದೇ ರಿಕವರಿ ಅಧ್ಯಯನದಲ್ಲಿ ಸಿಆರ್‌ಪಿಯನ್ನು ಸರಿಯಾಗಿ ಬಳಸಿದ ಉದಾಹರಣೆಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. ಟೋಸಿಲಿಜುಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ ಯಾರಿಗೆ ಕೊಟ್ಟು ನೋಡಬೇಕು ಎಂದು ಅವರು ಎರಡು ಷರತ್ತು ಇಟ್ಟರು. ಒಂದು, ಆಕ್ಸಿಜನ್ 92ಕ್ಕಿಂತ ಕೆಳಗೆ ಇಳಿದಿರಬೇಕು ಅಥವಾ ರೋಗಿ ಆಕ್ಸಿಜನ್ ಮೇಲೆ ಇರಬೇಕು. ಅದರ ಜೊತೆಗೆ, ಸಿಆರ್‌ಪಿ 75 ಅಥವಾ ಜಾಸ್ತಿ ಇರಬೇಕು. ಹಾಗೆ ಆರಿಸಿದವರಲ್ಲಿ ಸಾವು ನೂರಕ್ಕೆ 35ರಿಂದ 31ಕ್ಕೆ ಇಳಿಯಿತು. ನೋಡಿ, ಮೊದಲು ಉಸಿರು ಕೇಳಿದರು, ಆಮೇಲೆ ರಕ್ತ ಕೇಳಿದರು. ಉತ್ತರ ಬಂದ ಮೇಲೆ ಏನು ಮಾಡಬೇಕು ಎಂಬುದೂ ಮೊದಲೇ ತೀರ್ಮಾನವಾಗಿತ್ತು. ಈ ಮೂರೂ ಇದ್ದರೆ ರಕ್ತ ಪರೀಕ್ಷೆಯಷ್ಟು ಒಳ್ಳೆಯ ಸಹಾಯಕ ಇನ್ನೊಂದಿಲ್ಲ.

ಬ್ರಿಟನ್ನಿನವರೇ ಆಸ್ಪತ್ರೆ ಸೇರಿದ ಸಾವಿರಾರು ಕೋವಿಡ್ ರೋಗಿಗಳನ್ನು ನೋಡಿ 4ಸಿ ಎಂಬ ಒಂದು ಸ್ಕೋರ್ ಮಾಡಿದರು. ಒಟ್ಟು 21 ಅಂಕ. ಅದರಲ್ಲಿ ಸಿಆರ್‌ಪಿಗೆ ಸಿಗುವುದು ಹೆಚ್ಚೆಂದರೆ 2 ಅಂಕ, ಅದೂ 100 ಮುಟ್ಟಿದರೆ. 50ಕ್ಕಿಂತ ಕೆಳಗಿದ್ದರೆ ಸೊನ್ನೆ. ನಿಮ್ಮ ಅಪ್ಪನ 42ಕ್ಕೆ ಅಲ್ಲಿ ಸೊನ್ನೆಯೇ. ವಯಸ್ಸಿಗೆ 7 ಅಂಕದವರೆಗೆ ಇದೆ. ರಕ್ತದ ಯೂರಿಯಾಗೆ 3. ಉಸಿರಿನ ವೇಗ, ಆಕ್ಸಿಜನ್, ಪ್ರಜ್ಞೆ, ಇವಕ್ಕೆ ಎರಡೆರಡು. ಇದು ಕೋವಿಡ್‌ಗೆ ಮಾಡಿದ ಸ್ಕೋರು, ಫ್ಲೂಗೆ ಹಾಗೇ ಹಚ್ಚಬಾರದು. ಆದರೆ ಯಾವುದು ಎಷ್ಟು ತೂಗುತ್ತದೆ ಎಂಬುದನ್ನು ಇದರಷ್ಟು ಚೆನ್ನಾಗಿ ತೋರಿಸುವುದು ಕಡಿಮೆ. ದುಬಾರಿ ಐಎಲ್-6, ಫೆರಿಟಿನ್, ಡಿ-ಡೈಮರ್ ಮೂರಕ್ಕೂ ಅದರಲ್ಲಿ ಜಾಗವೇ ಇಲ್ಲ.

ಇನ್ನು ದಿನದ ವಿಷಯ. ಒಂದು ರಿಪೋರ್ಟು ಫೋಟೋ ಇದ್ದ ಹಾಗೆ, ಗಾಡಿ ಯಾವ ಕಡೆ ಹೋಗುತ್ತಿದೆ ಎಂದು ಅದರಲ್ಲಿ ಗೊತ್ತಾಗುವುದಿಲ್ಲ. ಎರಡು ದಿನದ ಅಂತರದಲ್ಲಿ ತೆಗೆದ ಎರಡು ರಿಪೋರ್ಟು ಇದ್ದರೆ ಗೊತ್ತಾಗುತ್ತದೆ. ನಾಲ್ಕನೇ ದಿನ 42, ಆರನೇ ದಿನ 15 ಆದರೆ ನೆಮ್ಮದಿ. 42 ಇದ್ದದ್ದು 130 ಆದರೆ, ಅದೂ ಜ್ವರ ಬಿಟ್ಟು ಎರಡು ದಿನದ ಮೇಲೆ ಮತ್ತೆ ಬಂದಿದ್ದರೆ, ನಾನು ಆ ಡಾಕ್ಟರಿಗೆ ತಕ್ಷಣ ಫೋನ್ ಮಾಡುತ್ತೇನೆ. ಫ್ಲೂ ಬಂದು ಹೋದ ಜಾಗದಲ್ಲಿ ಬ್ಯಾಕ್ಟೀರಿಯಾ ಕೂತು ನ್ಯುಮೋನಿಯಾ ಮಾಡುವುದು ಹೀಗೆಯೇ. ಅಂಥ ಹೊತ್ತಿನಲ್ಲಿ ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಪರೀಕ್ಷೆಯೂ ಡಾಕ್ಟರಿಗೆ ನೆರವಾಗುತ್ತದೆ.

ಎರಡು ಬೇರೆ ಲ್ಯಾಬಿನ ರಿಪೋರ್ಟುಗಳನ್ನು ಹೋಲಿಸುವಾಗ ಅಳತೆ ನೋಡಿ. 2020ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ರೋಗಿ ಹೊರಗಿನ ರಿಪೋರ್ಟು ಹಿಡಿದು ಬಂದರು. ಸಿಆರ್‌ಪಿ 8.5 ಎಂದಿತ್ತು. ನಮ್ಮ ಕಡೆ ಅದು ಹೆಚ್ಚುಕಡಿಮೆ ನಾರ್ಮಲ್ ಎಂದು ಓದಿಬಿಟ್ಟರು. ಆ ಲ್ಯಾಬಿನವರು ಡೆಸಿಲೀಟರ್ ಲೆಕ್ಕದಲ್ಲಿ ಬರೆದಿದ್ದರು. ನಮ್ಮ ಲೀಟರ್ ಲೆಕ್ಕಕ್ಕೆ ಅದು 85. ಸಂಜೆ ನಾವೇ ಮತ್ತೆ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಪುಣ್ಯಕ್ಕೆ ಹೊತ್ತು ಮೀರಿರಲಿಲ್ಲ. ಅಂದಿನಿಂದ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆ ಓದುವುದು ನನಗೆ ಅಭ್ಯಾಸವಾಗಿದೆ.

ಹಾಗಾದರೆ ಆ ನಾಲ್ಕನೇ ದಿನ ನೀವು ಏನನ್ನು ನೋಡಬೇಕಿತ್ತು? ಉಸಿರು. ಅಪ್ಪ ಕುರ್ಚಿಯಲ್ಲಿ ಸುಮ್ನೆ ಕೂತಿರುವಾಗ, ಅವರಿಗೆ ಹೇಳದೆ, ಹೊಟ್ಟೆಯ ಕಡೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಹೇಳಿದರೆ ಅವರು ಉಸಿರಾಟದ ಲಯವನ್ನೇ ಬದಲಿಸಿಬಿಡುತ್ತಾರೆ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಆರಾಮಾಗಿರುವ ದೊಡ್ಡವರಲ್ಲಿ ಇದು 12ರಿಂದ 20. 24 ಮುಟ್ಟಿದರೆ ಆಸ್ಪತ್ರೆಗೆ ಹೊರಡಬೇಕು. ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗಿದ್ದರೂ ಹೊರಡಬೇಕು. ಮಾತು ಅರ್ಧಕ್ಕೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು, ಹೊತ್ತುಗೊತ್ತು ತಿಳಿಯದೆ ಏನೇನೋ ಮಾತಾಡುವುದು, ಮೂತ್ರ ತೀರಾ ಕಡಿಮೆಯಾಗುವುದು, ಇವು ಕಂಡರೆ ಯಾವ ರಿಪೋರ್ಟಿಗೂ ಕಾಯಬೇಡಿ. ಆಕ್ಸಿಮೀಟರಿನ ಬಗ್ಗೆ ಒಂದು ಮಾತು: ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು ಎಂದು 2020ರ ಕೊನೆಯಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹಾಗಾಗಿ 95 ಇದೆ, ಆದರೆ ಉಸಿರು 26 ಇದೆ ಎಂದಾದರೆ, ನಾನು ಉಸಿರನ್ನೇ ನಂಬುತ್ತೇನೆ.

ಪುಟ್ಟ ಮಕ್ಕಳಿಗೂ ಇದೇ ಮಾತು. ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ಬಂದ ಕೂಸಿಗೆ ಸೂಜಿ ಚುಚ್ಚುವುದಕ್ಕಿಂತ ಹಾಲು ಕುಡಿಯುತ್ತಿದೆಯಾ, ಪಕ್ಕೆ ಒಳಗೆ ಸೆಳೆಯುತ್ತಿದೆಯಾ ಎಂದು ನೋಡುವುದು ಮುಖ್ಯ.

ನಿಜವಾಗಿ ಮುಂಚಿತವಾಗಿ ಹೇಳಬಲ್ಲ ರಕ್ತ ಪರೀಕ್ಷೆ ಬರುವುದೇ ಇಲ್ಲವಾ ಎಂದರೆ, ಬರುತ್ತಿದೆ. 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಕೋವಿಡ್‌ನಿಂದ ಜೀವಾಪಾಯಕ್ಕೆ ಹೋದ 987 ಜನರಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನಿನ ವಿರುದ್ಧ ಆಂಟಿಬಾಡಿ ಇತ್ತು. ಇಂಟರ್‌ಫೆರಾನ್ ಎಂದರೆ ವೈರಸ್ ಒಳಗೆ ಬಂದ ಕೂಡಲೇ ಮೈ ಕೂಗುವ ಮೊದಲ ಕೂಗು. ಆ ಕೂಗನ್ನೇ ಇವರ ಆಂಟಿಬಾಡಿ ಅಡಗಿಸುತ್ತಿತ್ತು. ಕೆಲವರ ಹಳೆಯ ಸ್ಯಾಂಪಲ್ ತೆಗೆದು ನೋಡಿದರೆ, ಕಾಯಿಲೆ ಬರುವ ಮೊದಲೇ ಅದು ಇತ್ತು. ಇದು ಸಿಆರ್‌ಪಿಯ ಹಾಗೆ ಆದದ್ದನ್ನು ಹೇಳುವುದಿಲ್ಲ, ಆಗಬಹುದಾದದ್ದನ್ನು ಹೇಳುತ್ತದೆ. ಮುಂದೆ ತೀವ್ರ ಫ್ಲೂ ಆದ ಕೆಲವರಲ್ಲೂ ಇವು ಸಿಕ್ಕಿದವು. ಇನ್ನೊಂದು ಕಡೆ, ರಕ್ತದ ಬಿಳಿ ಕಣಗಳಲ್ಲಿ ಯಾವ ಜೀನುಗಳು ಎದ್ದಿವೆ ಎಂದು ಒಟ್ಟಿಗೆ ಓದಿ, ಇದು ವೈರಸ್ಸೋ ಬ್ಯಾಕ್ಟೀರಿಯಾವೋ, ಐಸಿಯು ಬೇಕಾಗಬಹುದೋ ಎಂದು ಹೇಳುವ ಪರೀಕ್ಷೆಗೆ ಅಮೆರಿಕದಲ್ಲಿ 2025ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಅದೂ ತುರ್ತು ಚಿಕಿತ್ಸಾ ಘಟಕಕ್ಕೆ ಬಂದ ರೋಗಿಗಳಿಗೆ. ನನ್ನ ವೃತ್ತಿಯ ಬಗ್ಗೆ ನನಗೆ ತುಂಬಾ ಭರವಸೆ ಕೊಡುವ ಕೆಲಸಗಳು ಇವು.

ಈಗ ನಿಮ್ಮ ಮನೆಗೆ ಬರೋಣ. ಅಪ್ಪನಿಗೆ 66, ಜೊತೆಗೆ ಶುಗರ್. ಫ್ಲೂ ಜಾಸ್ತಿಯಾಗುವ ಅಪಾಯ ಇರುವವರ ಪಟ್ಟಿಯಲ್ಲಿ ಅವರು ಯಾವ ರಕ್ತ ಪರೀಕ್ಷೆ ಇಲ್ಲದೆಯೂ ಇದ್ದಾರೆ. ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ. ಜ್ವರ ಬಂದರೆ ಎರಡು ದಿನದೊಳಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ನಿಮ್ಮ ಡಾಕ್ಟರು ಬರೆದುಕೊಟ್ಟದ್ದು ಬಹುಶಃ ಅದೇ ಮಾತ್ರೆ ಇರಬೇಕು. ಜ್ವರದ ದಿನಗಳಲ್ಲಿ ಮನೆಯಲ್ಲೇ ಶುಗರ್ ನೋಡುತ್ತಿರಿ. ಆ ವಾರದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ರಕ್ತದ ಅಂಕಿ ಅದೇ.

ಆ ಹಳೇ ರಿಪೋರ್ಟನ್ನು ಎಸೆಯಬೇಡಿ. ಫೆರಿಟಿನ್ 540 ಪೂರ್ತಿ ಫ್ಲೂನಿಂದಲೇ ಬಂದಿರಬಹುದು. ಆದರೆ ಶುಗರ್ ಇರುವವರಲ್ಲಿ ಲಿವರಿನಲ್ಲಿ ಕೊಬ್ಬು ಕೂತಾಗಲೂ ಅದು ಏರಿರುತ್ತದೆ. ಅಪ್ಪ ಪೂರ್ತಿ ಆರಾಮಾಗಿ ಒಂದೆರಡು ತಿಂಗಳಾದ ಮೇಲೆ, ಮಾಮೂಲಿ ಶುಗರ್ ಚೆಕಪ್ಪಿಗೆ ಹೋದಾಗ, ಫೆರಿಟಿನ್ ಮತ್ತು ಲಿವರ್ ಪರೀಕ್ಷೆ ಒಮ್ಮೆ ಮಾಡಿಸಿ. ಈ ರಿಪೋರ್ಟನ್ನೂ ಜೊತೆಗೆ ಒಯ್ದು ನಿಮ್ಮ ಡಾಕ್ಟರಿಗೆ ತೋರಿಸಿ.